ಹಳೇ ಫ್ಯಾದಮ್ ಪಿನ್‌ಬಾಲ್ ಕೊಳ್ಳುವವರೇ, ಹುಷಾರು!

ಅಮೆರಿಕದಲ್ಲಿದ್ದು ಹಳೇ ಪಿನ್‌ಬಾಲ್ ಯಂತ್ರ ಹುಡುಕುತ್ತಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಷಿಕಾಗೋ ಹತ್ತಿರದ ಒಬ್ಬನಿಂದ ನಾನು ಬ್ಯಾಲಿ ಕಂಪನಿಯ ಫ್ಯಾದಮ್ ಕೊಂಡೆ. 1981ರ ಯಂತ್ರ, ಆಗ ತಯಾರಾಗಿದ್ದೇ 3,500. ಮತ್ಸ್ಯಕನ್ಯೆಯರು ಮುಳುಗುಗಾರನನ್ನು ಕಡಲಾಳಕ್ಕೆ ಎಳೆಯುವ, ಯಂತ್ರದ ಹಿಂಬದಿ ಎದ್ದು ನಿಂತ ಗಾಜಿನ ಮೇಲಿನ ಆ ಚಿತ್ರದ ಹಿಂದೆ ದೀಪ ಹತ್ತಿದರೆ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಎಷ್ಟು ಕೊಟ್ಟೆ ಅಂತ ಹೇಳಲೂ ನಾಚಿಕೆಯಾಗುತ್ತಿದೆ.

ಈ ಆಟದ ಜೀವವೇ ಮಲ್ಟಿಬಾಲ್. ಒಂದರ ಹಿಂದೊಂದು ನಿಂತ ನೀಲಿ, ಹಸಿರು ಟಾರ್ಗೆಟ್‌ಗಳನ್ನು ಬೀಳಿಸಬೇಕು. ಚೆಂಡನ್ನು ಗುಳಿಗೆ ಹಾಕಿ ಲಾಕ್ ಮಾಡಬೇಕು. ಆಮೇಲೆ ಮೂರು ಚೆಂಡು ಒಟ್ಟಿಗೆ ನುಗ್ಗಿ ಬರುತ್ತವೆ. ಕೊಳ್ಳುವ ಮೊದಲು ಮಾರುವವನು ಕಳಿಸಿದ ವಿಡಿಯೋದಲ್ಲಿ ಚೆಂಡು ಹೊಡೆಯುವ ಫ್ಲಿಪ್ಪರ್ ಬಡಿಯುತ್ತಿತ್ತು, ಸ್ಕೋರ್ ಏರುತ್ತಿತ್ತು. ಆದರೆ ಚೆಂಡು ಒಂದೇ. ಕೇಳಿದೆ. "ಮಲ್ಟಿಬಾಲ್ ಚೆನ್ನಾಗಿದೆ, ವಿಡಿಯೋ ಉದ್ದವಾಗುತ್ತೆ ಅಂತ ತೋರಿಸಲಿಲ್ಲ" ಅಂದ. "ಚಿತ್ರದ ಹಿಂದಿನ ಪೆಟ್ಟಿಗೆ ನಾನು ತೆರೆದೇ ಇಲ್ಲ, ಎಲ್ಲ ಒರಿಜಿನಲ್" ಅಂತಲೂ ಅಂದ.

ಮನೆಯಲ್ಲಿ ಟಾರ್ಗೆಟ್ ಬೀಳಿಸಿದೆ, ಚೆಂಡು ಗುಳಿಗೆ ಬಿತ್ತು. ಅಲ್ಲೇ ಕೂತಿತು. ಹೊರಗೆ ಎಸೆಯಲಿಲ್ಲ, ಲಾಕ್ ಆಗಲಿಲ್ಲ, ಇನ್ನೊಂದು ಚೆಂಡೂ ಬರಲಿಲ್ಲ. ಗೆಳೆಯರು ಸುತ್ತ ನಿಂತಿದ್ದರು, ನಾನು ಗಾಜು ತೆಗೆದು ಕೈ ಹಾಕಿ ಚೆಂಡು ತೆಗೆಯಬೇಕಾಯಿತು. ಹಿಂದಿನ ಪೆಟ್ಟಿಗೆ ತೆರೆದೆ. ಎಂಪಿಯು ಬೋರ್ಡ್‌ನಲ್ಲಿ, ಅಂದರೆ ಯಂತ್ರದ ಮಿದುಳಾದ ಸರ್ಕ್ಯೂಟ್ ಬೋರ್ಡ್‌ನಲ್ಲಿ, ಬ್ಯಾಟರಿ ಇಲ್ಲ. ಕತ್ತರಿಸಿ ತೆಗೆದಿದ್ದಾರೆ! ಅದು ಸೋರಿ ಕೆಳಗಿನ ಕನೆಕ್ಟರ್ ಪಿನ್‌ಗಳೆಲ್ಲ ಹಸಿರು ಕಿಲುಬು ಹಿಡಿದಿವೆ. ಸ್ವಿಚ್‌ಗಳ ಸುದ್ದಿ ಬೋರ್ಡ್‌ಗೆ ಮುಟ್ಟುವುದೇ ಅಲ್ಲಿಂದ. ಚೆಂಡು ಗುಳಿಯಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ತೆರೆದೇ ಇಲ್ಲ ಅಂದವನ ಪೆಟ್ಟಿಗೆಯಲ್ಲಿ ಬ್ಯಾಟರಿ ಕತ್ತರಿಸಿದ್ದು ಯಾರು?

ಆತನಿಗೆ ಫೋಟೋ ಕಳಿಸಿದೆ. ಉತ್ತರ ಬಂತು: "ನಮ್ಮ ಮನೆಯಲ್ಲಿ ಸರಿಯಾಗಿತ್ತು, ಸಾಗಿಸುವಾಗ ಹಾಳಾಗಿರಬೇಕು." ಕಿಲುಬು ಲಾರಿಯಲ್ಲಿ ಬರುತ್ತದಾ? ಬ್ಯಾಟರಿ ಕೇಳಿದರೆ, "ಹಳೇ ಯಂತ್ರ, ಇದ್ದ ಹಾಗೆ ಮಾರಿದ್ದು." ಮತ್ತೆ ಕೇಳಿದೆ, "ನೀವು ಆಡಿ ನೋಡಬೇಕಿತ್ತು." ಆಮೇಲೆ ನನ್ನನ್ನು ಬ್ಲಾಕ್ ಮಾಡಿದ. ಸುಳ್ಳು ಹೇಳಿದ್ದು ಆತ, ಬುದ್ಧಿ ಹೇಳಿದ್ದು ನನಗೆ.

ಆ ಕಾಲದ ಬ್ಯಾಲಿ ಯಂತ್ರ ಯಾವುದೇ ಇರಲಿ, ಎಂಪಿಯು ಬೋರ್ಡ್‌ನ ಫೋಟೋ ಮೊದಲು ಕೇಳಿ, ಬ್ಯಾಟರಿ ಇರುವ ಮೂಲೆ ಹತ್ತಿರದಿಂದ ಬೇಕು. ಪವರ್ ಹಾಕಿದಾಗ ಬೋರ್ಡ್‌ನ ಎಲ್‌ಇಡಿ ಏಳು ಸಲ ಮಿನುಗುವುದನ್ನು ನೋಡಿ. ಮೂರೂ ಚೆಂಡು ಓಡಾಡುವುದನ್ನು ಕಣ್ಣಾರೆ ನೋಡದೆ ಒಂದು ಡಾಲರ್ ಕೂಡ ಕೊಡಬೇಡಿ. ಫೋಟೋ ಕಳಿಸಲು ನೆಪ ಹೇಳುವವನ ಹತ್ತಿರ ಮಾತೇ ಬೇಡ. ಆತ ಈಗ ಇನ್ನೊಂದು ಯಂತ್ರವನ್ನು ಮಾರಾಟಕ್ಕೆ ಇಟ್ಟಿದ್ದಾನೆ, ಅದಕ್ಕೂ "ಎಲ್ಲ ಒರಿಜಿನಲ್" ಅಂತಲೇ ಬರೆದಿದ್ದಾನೆ.