ಹಾಳುಮನೆಯ ಮಣ್ಣಿನಲ್ಲಿ ಎರಡು ಮೆಟಲ್ ಡಿಟೆಕ್ಟರ್‌ಗಳು

ಹೊಳಲ್ಕೆರೆ ಕಡೆಯ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮವೊಂದರಲ್ಲಿ ನಮ್ಮ ಮುತ್ತಜ್ಜನ ಮನೆ ಬಿದ್ದುಹೋಗಿ, ಈಗ ತಳಪಾಯದ ಕಲ್ಲು, ಒಂದು ಒರಳು ಮತ್ತು ಜಾಲಿಗಿಡಗಳಷ್ಟೇ ಉಳಿದಿವೆ. ಖಾತೆ ನಮ್ಮ ಕುಟುಂಬದ ಹೆಸರಿನಲ್ಲೇ ಇರುವುದರಿಂದ ಅಲ್ಲಿ ಲೋಹ ಹುಡುಕುವ ನನ್ನ ವಿಎಲ್ಎಫ್ (ಅತಿ ಕಡಿಮೆ ಆವರ್ತನದ) ಯಂತ್ರವನ್ನೂ ಸ್ನೇಹಿತರೊಬ್ಬರಿಂದ ತಂದ ಪಲ್ಸ್ ಇಂಡಕ್ಷನ್ ಯಂತ್ರವನ್ನೂ ನಾಲ್ಕು ಭಾನುವಾರ ಬಳಸಿ ನೋಡಿದೆ. (ಚಿತ್ರದುರ್ಗದ ಕೋಟೆ, ಚಂದ್ರವಳ್ಳಿಗಳ ಕಡೆ ಇವನ್ನು ಒಯ್ಯುವ ಮಾತೇ ಇಲ್ಲ. ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದರು; ಅಂಥ ನೆಲದಲ್ಲಿ, ಪದರದಿಂದ ಕಿತ್ತ ನಾಣ್ಯ ತನ್ನ ಅರ್ಧ ಚರಿತ್ರೆಯನ್ನು ಕಳೆದುಕೊಳ್ಳುತ್ತದೆ.)

ಆಳದಲ್ಲಿ ಪಲ್ಸ್ ಯಂತ್ರವೇ ಮುಂದು. ವಿಎಲ್ಎಫ್ ಎಡೆಬಿಡದೆ ಅಲೆಗಳನ್ನು ಕಳುಹಿಸುವುದರಿಂದ ಕಬ್ಬಿಣದ ಅಂಶವುಳ್ಳ ನಮ್ಮ ಕೆಮ್ಮಣ್ಣೂ ಅದಕ್ಕೆ ಓಗೊಡುತ್ತದೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸದ್ದನ್ನು ಕಳೆಯುವ ಹೊಂದಿಕೆ, ಸರಿಪಡಿಸದಿದ್ದರೆ ಬರಿಯ ನೆಲದ ಮೇಲೂ ಕಿರುಗುಟ್ಟುತ್ತದೆ. ಪಲ್ಸ್ ಯಂತ್ರವಾದರೋ ಮಿಡಿತವೊಂದನ್ನು ಬಿಟ್ಟು ನಿಲ್ಲಿಸಿ, ಆಮೇಲೆ ಲೋಹದಲ್ಲಿ ಉಳಿದ ಪ್ರವಾಹ ಎಷ್ಟು ಬೇಗ ಕುಂದುತ್ತದೆಂದು ಅಳೆಯುವುದರಿಂದ ಮಣ್ಣಿನ ಗದ್ದಲ ಅದನ್ನು ಅಷ್ಟಾಗಿ ಕಾಡದು. ಒಂದು ಗೇಣು ಆಳದಲ್ಲಿ ನಾನೇ ಹೂತಿಟ್ಟ ತಾಮ್ರದ ಕಾಲಾಣೆಯನ್ನು ಅದು ತಟ್ಟನೆ ಹಿಡಿಯಿತು. ವಿಎಲ್ಎಫ್ ಮಾತ್ರ ಅನುಮಾನಿಸಿತು.

ಆದರೆ ಪಲ್ಸ್ ಯಂತ್ರಕ್ಕೆ ಕಬ್ಬಿಣವೂ ತಾಮ್ರವೂ ಹೆಚ್ಚುಕಡಿಮೆ ಒಂದೇ. ಮೊದಲ ಬೆಳಗ್ಗೆಯೇ ಅದರ ಮಾತು ಕೇಳಿ ಮೂವತ್ತು ಗುಂಡಿ ತೋಡಿದೆ; ಸಿಕ್ಕಿದ್ದು ತೊಲೆಯ ಮೊಳೆಗಳು, ಎತ್ತಿನ ಲಾಳದ ಚೂರುಗಳು ಮತ್ತು ಗಾಡಿಯ ಒಂದು ಕಡಾಣಿ. ವಿಎಲ್ಎಫ್‌ಗೆ ಆರು ಇಂಚಿನ ಸಣ್ಣ ತಟ್ಟೆ (ನೆಲದ ಮೇಲೆ ಬೀಸುವ ಸುರುಳಿ) ಜೋಡಿಸಿದ ಮೇಲೆ ಆಟ ಬದಲಾಯಿತು. ಈ ಯಂತ್ರ ಕಬ್ಬಿಣಕ್ಕೂ ತಾಮ್ರಕ್ಕೂ ಬೇರೆ ಬೇರೆ ಸದ್ದು ಮಾಡುತ್ತದೆ, ಸಣ್ಣ ತಟ್ಟೆ ಪಕ್ಕಪಕ್ಕದ ಲೋಹಗಳನ್ನು ಬಿಡಿಸಿ ತೋರಿಸುತ್ತದೆ. ಹೊಸ್ತಿಲಿನ ಹತ್ತಿರ ಒಂದು ದಿಕ್ಕಿನಲ್ಲಿ ಬೀಸಿದಾಗ ಗೊರಗೊರ ಸದ್ದು, ಅಡ್ಡಲಾಗಿ ಬೀಸಿದಾಗ ತೆಳುವಾದ ಸ್ಪಷ್ಟ ಸ್ವರ. ನಾಲ್ಕು ಬೆರಳು ಮಣ್ಣು ಕೆದರಿದರೆ ಮೊಳೆಯೊಂದರ ಪಕ್ಕದಲ್ಲಿ 1944ರ ತೂತು ಕಾಸು, ಮೈಯೆಲ್ಲ ಹಸಿರು ಕಿಲುಬು ಹಿಡಿದು ಮಲಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಲು ಹೊರಟ ಚಿಕ್ಕಮ್ಮನನ್ನು ತಡೆಯುವುದೇ ಆ ದಿನದ ಅತಿ ಕಷ್ಟದ ಕೆಲಸವಾಯಿತು. ಹಾಗೆ ತಿಕ್ಕಿದರೆ ಕಿಲುಬಿನ ಜೊತೆ ಅಕ್ಷರಗಳೂ ಸವೆಯುತ್ತವೆ.

ಸಣ್ಣ ತಟ್ಟೆಯಿಂದ ಆಳ ಕಡಿಮೆಯಾಗುವುದು ನಿಜ, ಜಾಗ ಮುಗಿಸಲೂ ಹೆಚ್ಚು ಹೊತ್ತು ಹಿಡಿಯುತ್ತದೆ. ಮನೆ ಬಿದ್ದ ಜಾಗಕ್ಕೆ ಅದನ್ನೇ ಆರಿಸುತ್ತೇನೆ. ಹಿತ್ತಲಿನ ಹಗೇವಿನ (ಧಾನ್ಯ ತುಂಬುವ ನೆಲಗುಂಡಿಯ) ಸುತ್ತ ಮಾತ್ರ ಮೊಳೆ ಕಡಿಮೆ, ಆಳ ಹೆಚ್ಚು. ಅಲ್ಲಿಗಾಗಿ ಪಲ್ಸ್ ಯಂತ್ರವನ್ನು ಮತ್ತೊಮ್ಮೆ ಕೇಳಿ ತರುವವನಿದ್ದೇನೆ.