ಹಸಿರು ಟಿಕ್ ಬಂತು ಅಂತ ಬ್ಯಾಕಪ್ ಆಗಿದೆ ಅಂದುಕೊಳ್ಳಬೇಡಿ

ಆಫೀಸಿನ ಕಂಪ್ಯೂಟರಿಗೆ ಆಟೊಮ್ಯಾಟಿಕ್ ಬ್ಯಾಕಪ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಓದಿ. ದುಡ್ಡು ಕೊಟ್ಟು ಮೋಸ ಹೋಗಿದ್ದೇವೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ನಮ್ಮದು ಪ್ರಿಂಟಿಂಗ್ ಪ್ರೆಸ್. ಆರ್ಡರ್, ರೇಟು, ಪ್ರೂಫ್‌ಗೆ ಗಿರಾಕಿ ಕೊಟ್ಟ ಒಪ್ಪಿಗೆ, ಎಲ್ಲವೂ ಮೇಲ್‌ನಲ್ಲೇ. ಆ ಮೇಲ್‌ಗಳೆಲ್ಲ ಔಟ್‌ಲುಕ್ ಅನ್ನುವ ಮೇಲ್ ಪ್ರೋಗ್ರಾಂ ಕೂಡಿಡುವ ಒಂದೇ ಫೈಲಿನಲ್ಲಿ, ಅದಕ್ಕೆ ಪಿಎಸ್‌ಟಿ ಅನ್ನುತ್ತಾರೆ. ಮೇಲ್ ಸರ್ವರಿನಲ್ಲಿ ಕಾಪಿ ಉಳಿಯುವುದಿಲ್ಲ. ಬ್ಯಾಕಪ್ ಹಾಕಿಕೊಟ್ಟವರಿಗೆ ಇದನ್ನೆಲ್ಲ ಮೊದಲೇ ಹೇಳಿದ್ದೆ. "ದಿನಾ ಮಧ್ಯಾಹ್ನ ತಾನಾಗೇ ಆಗುತ್ತೆ ಸರ್, ನೀವು ಕೆಲಸ ನಿಲ್ಲಿಸೋದೇ ಬೇಡ" ಅಂದರು. ದಿನಾ ಹಸಿರು ಟಿಕ್ ಬರುತ್ತಿತ್ತು.

ಹಾರ್ಡ್ ಡಿಸ್ಕ್ ಹೋಯಿತು. ಬ್ಯಾಕಪ್ ತೆಗೆದು ನೋಡಿದರೆ ಡಿಸೈನ್ ಫೈಲುಗಳೆಲ್ಲ ಇವೆ. ಪಿಎಸ್‌ಟಿಯೂ ಇದೆ. ಆದರೆ ಅದರ ತಾರೀಕು ಅವರು ಬಂದು ಇನ್‌ಸ್ಟಾಲ್ ಮಾಡಿದ ದಿನದ್ದು! ಅವತ್ತು ಎಲ್ಲ ಪ್ರೋಗ್ರಾಂ ಮುಚ್ಚಿಸಿ ಬ್ಯಾಕಪ್ ಓಡಿಸಿ ತೋರಿಸಿದ್ದರು. ಆಮೇಲೆ ಒಂದು ಸಲವೂ ಆ ಫೈಲ್ ಕಾಪಿ ಆಗಿಲ್ಲ. ಒಂದು ಸಲವೂ ಇಲ್ಲ! ಔಟ್‌ಲುಕ್ ತೆರೆದಿರುವಷ್ಟು ಹೊತ್ತು ಆ ಫೈಲ್ ಲಾಕ್ ಆಗಿರುತ್ತದೆ. ಇವರ ಪ್ರೋಗ್ರಾಂ ಸುಮ್ನೆ ಅದನ್ನು ಬಿಟ್ಟು ಮುಂದೆ ಹೋಗಿ ಟಿಕ್ ಹಾಕುತ್ತಿತ್ತು.

ಫೋನ್ ಮಾಡಿದೆ. "ಓಪನ್ ಇರೋ ಫೈಲ್ ಕಾಪಿ ಆಗಲ್ಲ ಸರ್, ಎಲ್ಲರಿಗೂ ಗೊತ್ತಿರೋದೇ ಅಲ್ವಾ?" ಹಾಗಾದರೆ ಮಧ್ಯಾಹ್ನದ ಟೈಮ್ ಇಟ್ಟಿದ್ದು ಯಾರು? "ಲಾಗ್‌ನಲ್ಲಿ ಸ್ಕಿಪ್ ಅಂತ ಬಂದಿದೆ, ನೀವು ನೋಡಬೇಕಿತ್ತು." ಏನು ಕಾಪಿ ಆಯಿತು, ಏನು ಬಿಟ್ಟಿತು ಅಂತ ಪ್ರೋಗ್ರಾಂ ಬರೆದಿಡುವ ಲಾಗ್ ಅನ್ನೋದು ಒಂದಿದೆ ಅಂತ ಇವರು ಯಾವತ್ತೂ ಹೇಳಿರಲಿಲ್ಲ. ಕೊನೆಗೆ, "ಓಪನ್ ಫೈಲ್‌ಗೆ ಬೇರೆ ಮಾಡ್ಯೂಲ್ ಇದೆ ಸರ್, ಸ್ವಲ್ಪ ಜಾಸ್ತಿ ಆಗುತ್ತೆ, ಹಾಕಿಸ್ಕೊಳ್ತೀರಾ?" ಮೈಯೆಲ್ಲ ಉರಿದು ಹೋಯಿತು.

ಆಮೇಲೆ ತಿಳಿದುಕೊಂಡೆ. ವಾಲ್ಯೂಮ್ ಶ್ಯಾಡೋ ಕಾಪಿ ಅನ್ನುವ ಸೌಲಭ್ಯ 2001ರ ಎಕ್ಸ್‌ಪಿಯಿಂದಲೂ ವಿಂಡೋಸ್‌ನಲ್ಲೇ ಇದೆ. ಡಿಸ್ಕ್ ಆ ಕ್ಷಣಕ್ಕೆ ಹೇಗಿತ್ತೋ ಹಾಗೆ ಹಿಡಿದಿಟ್ಟು ಕೊಡುತ್ತದೆ. ತೆರೆದಿರುವ ಫೈಲನ್ನೂ ಅದರಿಂದ ಕಾಪಿ ಮಾಡಬಹುದು. ಬ್ಯಾಕಪ್ ಪ್ರೋಗ್ರಾಂ ಅದನ್ನು ಬಳಸಬೇಕು, ಅಷ್ಟೇ. ಅದಕ್ಕೇ ಇವರು ಬೇರೆ ರೇಟು ಹೇಳಿದ್ದು!

ಹಾಕಿಸುವಾಗ ಔಟ್‌ಲುಕ್ ತೆರೆದಿಟ್ಟೇ ಬ್ಯಾಕಪ್ ಓಡಿಸಲು ಹೇಳಿ. ಬ್ಯಾಕಪ್‌ನಲ್ಲಿ ಬಂದ ಪಿಎಸ್‌ಟಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಅವತ್ತಿನ ಮೇಲ್ ಕಂಡ ಮೇಲೆಯೇ ದುಡ್ಡು ಕೊಡಿ. ಡೇಟಾಬೇಸ್ ಇದ್ದರೆ ಇನ್ನೂ ಹುಷಾರು. ಅದರೊಳಗೆ ಪ್ರೋಗ್ರಾಂ ಬರೆಯುತ್ತಿರುವಾಗಲೇ ಕಾಪಿ ಆದರೆ ಫೈಲ್ ಇರುತ್ತದೆ, ಆದರೆ ತೆರೆಯದೇ ಹೋಗಬಹುದು.

ನಮ್ಮ ದುಡ್ಡು ವಾಪಸ್ ಕೇಳಿದ್ದೇನೆ. "ಕೇಳಿ ಹೇಳ್ತೀವಿ" ಅಂದವರು ಈಗ ಫೋನೇ ಎತ್ತುತ್ತಿಲ್ಲ.