ಬೋರ್ಡ್ ಚೆನ್ನಾಗಿದೆ, ಆದರೆ ವೈರ್ ಜೋಡಿಸೋ ಮುಂಚೆ ಇದನ್ನು ಓದಿ

ಈ 16 ಬಿಟ್ ಯುಎಸ್‌ಬಿ ಡೇಟಾ ಅಕ್ವಿಸಿಷನ್ ಬೋರ್ಡ್ (ಸೆನ್ಸರ್‌ಗಳ ವೋಲ್ಟೇಜ್ ಅಳೆದು ಕಂಪ್ಯೂಟರ್‌ಗೆ ಕಳಿಸುವ ಸಾಧನ) ತಗೊಂಡು ಎಂಟು ತಿಂಗಳಾಯ್ತು. ಸಿಂಗಲ್ ಎಂಡೆಡ್ (ಪ್ರತಿ ಸಿಗ್ನಲ್ ವೈರನ್ನು ಬೋರ್ಡಿನ ಗ್ರೌಂಡ್‌ಗೆ ಹೋಲಿಸಿ ಅಳೆಯುವುದು) ಆಗಿ ಬಳಸಿದರೆ 16 ಚಾನೆಲ್, ಡಿಫರೆನ್ಶಿಯಲ್ (ಎರಡು ವೈರ್‌ಗಳ ನಡುವಿನ ವ್ಯತ್ಯಾಸ ಅಳೆಯುವುದು) ಆದರೆ 8. ಡ್ರೈವರ್ ಮೊದಲ ಸಲಕ್ಕೇ ಇನ್‌ಸ್ಟಾಲ್ ಆಯ್ತು. ಸ್ಕ್ರೂ ಟರ್ಮಿನಲ್‌ಗಳು ಗಟ್ಟಿ.

ಮೊದಲ ವಾರ ಮಾತ್ರ ತಲೆ ಕೆಟ್ಟುಹೋಗಿತ್ತು. ಕೆ ಟೈಪ್ ಥರ್ಮೋಕಪಲ್ (ತಾಪಮಾನ ಅಳೆಯುವ, ಎರಡು ಲೋಹದ ವೈರಿನ ಸೆನ್ಸರ್) ಒಂದನ್ನು ಡಿಫರೆನ್ಶಿಯಲ್ ಆಗಿ ಕನೆಕ್ಟ್ ಮಾಡಿದ್ದೆ, ರೀಡಿಂಗ್ ಸ್ವಲ್ಪ ಹೊತ್ತು ಸರಿಯಾಗಿ ಬರುತ್ತಿತ್ತು, ಆಮೇಲೆ ಮೆಲ್ಲಗೆ ಜಾರುತ್ತಾ ಹೋಗಿ ರೇಂಜಿನ (ಬೋರ್ಡ್ ಅಳೆಯಬಲ್ಲ ವೋಲ್ಟೇಜ್ ಮಿತಿಯ) ತುದಿಗೆ ಅಂಟಿಕೊಂಡುಬಿಡುತ್ತಿತ್ತು. ಬೋರ್ಡೇ ಕೆಟ್ಟಿದೆ ಅಂತ ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ತಪ್ಪು ಬೋರ್ಡಿನದಲ್ಲ. ಈ ಥರ್ಮೋಕಪಲ್ ಎಲ್ಲೂ ಗ್ರೌಂಡ್‌ಗೆ ತಾಗಿರಲಿಲ್ಲ. ಬೋರ್ಡಿನ ಆಂಪ್ಲಿಫೈಯರ್‌ಗೆ ಒಂಚೂರು ಬಯಾಸ್ ಕರೆಂಟ್ ಹರಿಯುತ್ತದಲ್ವಾ, ಅದು ವಾಪಸ್ ಹೋಗಲು ದಾರಿ ಇಲ್ಲದಿದ್ದರೆ ಎರಡೂ ವೈರ್ ಒಟ್ಟಿಗೆ ತೇಲುತ್ತಾ ಹೋಗುತ್ತವೆ. ಮೈನಸ್ ಟರ್ಮಿನಲ್‌ನಿಂದ ಅನಲಾಗ್ ಗ್ರೌಂಡ್‌ಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ರೀಡಿಂಗ್ ಅಲ್ಲಾಡದೆ ನಿಂತಿತು! ಇಷ್ಟು ಮುಖ್ಯವಾದ ವಿಷಯಕ್ಕೆ ಮ್ಯಾನುಯಲ್‌ನಲ್ಲಿ ಕೊಟ್ಟಿರುವುದು ಒಂದೇ ಒಂದು ಸಾಲು, ಅದೂ ಕೊನೆಯ ಪುಟಗಳಲ್ಲಿ. ವೈರಿಂಗ್ ಚಿತ್ರದಲ್ಲಂತೂ ರೆಸಿಸ್ಟರೇ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇದಕ್ಕೇ.

ರೇಂಜ್ ಸೆಟ್ ಮಾಡುವುದನ್ನೂ ಮರೀಬೇಡಿ. ಡೀಫಾಲ್ಟ್ ಆಗಿ ±10 ವೋಲ್ಟ್ ಇರುತ್ತದೆ, ಅದರಲ್ಲಿ ಒಂದು ಹೆಜ್ಜೆ, ಅಂದರೆ ಬೋರ್ಡ್ ಗುರುತಿಸುವ ಅತಿ ಚಿಕ್ಕ ವ್ಯತ್ಯಾಸ, ಸುಮಾರು 305 ಮೈಕ್ರೋವೋಲ್ಟ್. ಕೆ ಟೈಪ್ ಕೊಡುವುದು ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಹಾಗಾಗಿ ತಾಪಮಾನ ಏಳೇಳು ಡಿಗ್ರಿ ನೆಗೆಯುತ್ತದೆ. ±0.1 ವೋಲ್ಟ್‌ಗೆ ಇಳಿಸಿದರೆ ಹೆಜ್ಜೆ 3 ಮೈಕ್ರೋವೋಲ್ಟ್‌ಗೆ ಬರುತ್ತದೆ, ಗ್ರಾಫ್ ನುಣ್ಣಗಾಗುತ್ತದೆ.

ತನ್ನದೇ ಪವರ್ ಸಪ್ಲೈ ಇರುವ, ಆಗಲೇ ಗ್ರೌಂಡ್ ಆಗಿರುವ ಪ್ರೆಶರ್ ಸೆನ್ಸರ್ ಕಥೆ ಬೇರೆ. ಅದನ್ನು ಸಿಂಗಲ್ ಎಂಡೆಡ್ ಆಗಿ ಹಾಕಿದಾಗ ಗ್ರೌಂಡ್ ಲೂಪ್ (ಎರಡು ಕಡೆ ಗ್ರೌಂಡ್ ಆಗಿ ನಡುವೆ ಕರೆಂಟ್ ಸುತ್ತುವುದು) ಆಗಿ ಕರೆಂಟ್ ಲೈನಿನ 50 ಹರ್ಟ್ಸ್ ಅಲೆ ಸೇರಿಕೊಂಡಿತ್ತು, ಡಿಫರೆನ್ಶಿಯಲ್ ಮಾಡಿದ ಮೇಲೆ ಹೋಯ್ತು. ಇಲ್ಲಿ ಆ ರೆಸಿಸ್ಟರ್ ಬೇಡ. ಕೇಬಲ್‌ನ ಶೀಲ್ಡನ್ನು (ಸುತ್ತಲಿನ ಲೋಹದ ಹೊದಿಕೆ) ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ.

ಇನ್ನೊಂದು ವಿಷಯ, ಎಲ್ಲ ಚಾನೆಲ್‌ಗೂ ಒಳಗಿರುವುದು ಒಂದೇ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್). ಮಲ್ಟಿಪ್ಲೆಕ್ಸರ್ ಅನ್ನೋ ಸ್ವಿಚ್ ಚಾನೆಲ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗುತ್ತದೆ. ಪಕ್ಕದ ಚಾನೆಲ್‌ನಲ್ಲಿ 5 ವೋಲ್ಟ್ ಇದ್ದು, ನಿಮ್ಮ ಸೆನ್ಸರ್‌ನ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) 100 ಕಿಲೋ ಓಮ್ ಥರ ಜಾಸ್ತಿ ಇದ್ದರೆ, ಪಕ್ಕದ್ದರ ನೆರಳು ಇದರ ರೀಡಿಂಗ್‌ನಲ್ಲಿ ಕಾಣುತ್ತದೆ. ಸ್ಪೀಡ್ ಕಡಿಮೆ ಮಾಡಿ, ಇಲ್ಲವೇ ನಡುವೆ ಒಂದು ಆಪ್ ಆಂಪ್ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಚಿಕ್ಕ ಆಂಪ್ಲಿಫೈಯರ್) ಹಾಕಿ. ಖಾಲಿ ಚಾನೆಲ್‌ಗಳಲ್ಲಿ ಏನೇನೋ ಸಿಗ್ನಲ್ ಕಂಡರೆ ಗಾಬರಿಯಾಗಬೇಡಿ, ಅದೂ ಇದೇ, ಸುಮ್ನೆ ಗ್ರೌಂಡ್‌ಗೆ ಶಾರ್ಟ್ ಮಾಡಿಬಿಡಿ.

ಐದಕ್ಕೆ ನಾಲ್ಕು ಸ್ಟಾರ್. ಕಟ್ ಮಾಡಿದ ಆ ಒಂದು ಸ್ಟಾರ್ ಪೂರ್ತಿ ಮ್ಯಾನುಯಲ್‌ಗೆ. ಎರಡನೇ ಬೋರ್ಡ್ ಆರ್ಡರ್ ಮಾಡಿದ್ದೇನೆ, ಜೊತೆಗೆ ಒಂದು ಪ್ಯಾಕೆಟ್ 10 ಕಿಲೋ ಓಮ್ ರೆಸಿಸ್ಟರ್ ಕೂಡ.